ಮೇಷ್ಟ್ರ ಕುದುರೆ ದಾರಿ

ಹೊತ್ತು ಗೊತ್ತಿಲ್ಲದವರನ್ನು ಕಂಡರೆ ನನಗಾಗದು. ಮೂವತ್ತು ವರ್ಷ ಶಾಲೆಯ ಗಂಟೆಯಂತೆ ಬದುಕಿದವನು, ನಿವೃತ್ತನಾದ ಮೇಲೂ ಐದೂವರೆಗೆ ಪಿ.ಜೆ. ಬಡಾವಣೆಯ ಮನೆ ಬಿಟ್ಟು, ಆರಕ್ಕೆ ಕೆರೆ ಏರಿಯ ಹುಣಸೆಮರದಡಿ ನಿಂತು ವ್ಯಾಯಾಮಕ್ಕೆಂದು ಬಲಗೈಯನ್ನು ನೂರು ಸಲ ಎತ್ತಿ ಇಳಿಸುತ್ತಿದ್ದೆ. ಈ ಶಿಸ್ತಿಗೆ ಅಡ್ಡ ಬಂದವನು ಒಬ್ಬ ಹತ್ತಿ ಸಾಹುಕಾರ. ಯಾರೋ ಅಧಿಕಾರಿ ಕುದುರೆ ಏರಿದ್ದನ್ನು ನೋಡಿ ಈತನಿಗೂ ಸವಾರಿಯ ಹುಚ್ಚು ಹಿಡಿಯಿತು. ಏರಿಯ ಮುಳ್ಳು ಸವರಿಸಿ ದಾರಿ ಮಾಡಿಸಿದ. ಅದಕ್ಕೆ ತನ್ನ ಹೆಸರಿಡಲು ಕಲ್ಲನ್ನೂ ಕೆತ್ತಿಸಿದ. ಊರೆಲ್ಲ ನಡೆದು ಸವೆಸಿದ ಏರಿಗೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವವನ ಹೆಸರು. ನಾನಿರುವತನಕ ಆಗಗೊಡುವುದಿಲ್ಲ ಎಂದುಕೊಂಡೆ.

ಆತ ಕೊಂಡದ್ದೋ ಹರಿಹರ ಸ್ಟೇಷನ್ನಿನ ಹಳೆಯ ಟಾಂಗಾ ಕುದುರೆ. ಕೈ ಎತ್ತಿದವರ ಮುಂದೆ ನಿಲ್ಲುವುದು, ಅವರು ಹತ್ತುವತನಕ ಇಲ್ಲವೇ ಕೈ ಇಳಿಸಿ ಹೋಗುವತನಕ ಕದಲದಿರುವುದು ಅದು ಕಲಿತ ವಿದ್ಯೆ. ಮೊದಲ ದಿನವೇ, ನನ್ನ ಎಣಿಕೆ ನಲವತ್ತಕ್ಕೆ ಬಂದಾಗ, ಎದುರಿಗೆ ಬಂದು ನಿಂತಿತು.

"ಮೇಷ್ಟ್ರೇ, ಕೈ ಇಳಿಸ್ರಿ. ಇದು ಮುಂದಕ್ಕೆ ಹೋಗ್ತಿಲ್ಲ."

"ಇನ್ನೂ ಅರವತ್ತು ಬಾಕಿ ಐತ್ರಿ ಸಾಹುಕಾರ್ರೇ. ಅವಸರ ಇದ್ರೆ ನೀವೇ ಇಳೀರಿ."

ದಿನವೂ ಇದೇ ಆಯಿತು. ಬೇರೆ ಹೊತ್ತಿಗೆ ಬರುವಷ್ಟು ಬುದ್ಧಿ ಆ ಮಹಾಶಯನಿಗೆ ಬರಲಿಲ್ಲ. ಕಲ್ಲು ನೆಡುವ ಮುಹೂರ್ತವನ್ನೂ ಬೆಳಗಿನ ಆರಕ್ಕೇ ಇಟ್ಟ. ಊರ ಹಿರಿಯರೆಲ್ಲ ಕಲ್ಲಿನ ಬಳಿ ಕಾಯುತ್ತಿದ್ದರು. ಜರಿ ರುಮಾಲು ಸುತ್ತಿ ಸವಾರಿ ಬಂದ. ಕುದುರೆ ನನ್ನ ಮುಂದೆ ನಿಂತಿತು. ಲಗಾಮು ಜಗ್ಗಿದ, ಒದ್ದ, ಅದರ ವಂಶವನ್ನೆಲ್ಲ ಬೈದ. ಅದು ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿತ್ತು.

ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಗಂಗವ್ವ ಸೊಂಟ ನೆಟ್ಟಗೆ ಮಾಡಿ, "ಅದನ್ಯಾಕ ಹೊಡೀತೀರಿ ಸಾಹುಕಾರ್ರೇ? ಅದು ಮೇಷ್ಟ್ರ ಕುದುರೆ. ಅವರು ಹತ್ತಿದ್ರೆ ಹೋಗ್ತೈತೆ ಬಿಡ್ರಿ" ಎಂದಳು. ಹಿರಿಯರು ಶಲ್ಯದಲ್ಲಿ ಬಾಯಿ ಮುಚ್ಚಿಕೊಂಡರು. ಮಧ್ಯಾಹ್ನದೊಳಗೆ ಊರಿಗೆಲ್ಲ ಇದು ಮೇಷ್ಟ್ರ ಕುದುರೆ ದಾರಿ. ಕಲ್ಲು ಮಕಾಡೆಯಾಗಿ ಗಂಗವ್ವನ ಒಗೆಯುವ ಬಂಡೆಯಾಯಿತು. ಕುದುರೆ ಹರಿಹರಕ್ಕೆ ಮರಳಿತು.

ಗೆದ್ದೆನೆಂಬ ಠೀವಿಯಿಂದ ಮತ್ತೆ ಮರದಡಿ ನಿಂತೆ. ಅಭ್ಯಾಸ ಬಿಡಲಾರದ ಪ್ರಾಣಿ ಎಂದು ಕುದುರೆಯನ್ನು ಹೀಯಾಳಿಸಿದವನು ನಾನೇ. ವಾರ ಕಳೆದಿರಲಿಲ್ಲ, ಕೆರೆಯ ಕಡೆಯಿಂದ ಗಂಗವ್ವನ ದನಿ ಬಂತು:

"ಕೈ ಇಳಿಸ್ರಿ ಮೇಷ್ಟ್ರೇ. ಆವಾಗ್ನಿಂದ ಹರಿಹರದ ಕಡೀಗೆ ನೋಡ್ಕೊಂಡು ನಿಂತೀರಿ. ಟಾಂಗಾ ಬರಲ್ಲ."

ನಲವತ್ತಕ್ಕೇ ನಿಂತುಬಿಟ್ಟಿದ್ದೆ. ಅಂದು ಒಂದರಿಂದ ಮತ್ತೆ ಎಣಿಸಬೇಕಾಯಿತು.