ಭಾವನ ಕೆರೆಯ ಕೆಂಪು ಗೆರೆ

ಜನ ನಿವೃತ್ತರಾದ ಮೇಲೆ ಸೈಟು ಕೊಳ್ಳುತ್ತಾರೆ, ಶುಗರ್ ಬರಿಸಿಕೊಳ್ಳುತ್ತಾರೆ. ನಮ್ಮ ಭಾವ ಕೆರೆ ಕಟ್ಟಿದರು!

ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ನಟ್ಟು ಬೋಲ್ಟು ಪರೀಕ್ಷಿಸಿದ ಈ ಅಕ್ಕನ ಗಂಡ, ಮಾದನಾಯಕನಹಳ್ಳಿಯಾಚೆಯ ತಮ್ಮ ತಗ್ಗು ಜಮೀನಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ನೀರು ನಿಲ್ಲಿಸಿ, ನಾಲ್ಕು ಪೆಡಲ್ ದೋಣಿ ಬಿಟ್ಟರು. ಸುತ್ತ ಗೋದಾಮು, ನಡುವೆ ಬಾತುಕೋಳಿ. ಅವರು ಕಾರ್ಖಾನೆ ಬಿಟ್ಟರೂ ಕಾರ್ಖಾನೆ ಅವರನ್ನು ಬಿಡಬೇಕಲ್ಲ? ಶನಿವಾರ ಮಾರತ್ತಹಳ್ಳಿಯಿಂದ ಬರುವವರು ಶಿಫ್ಟಿನ ಪ್ರಕಾರವೇ ದೋಣಿ ಹತ್ತಬೇಕು. ಸೈರನ್ ಕೂಗಿದರೆ ನಡುನೀರಿನಲ್ಲಿದ್ದರೂ ಪೆಡಲ್ ನಿಲ್ಲಿಸಿ, ದೋಣಿಯಲ್ಲಿಟ್ಟ ಫ್ಲಾಸ್ಕಿನಿಂದ ಟೀ ಕುಡಿಯಬೇಕು!

ಕೆರೆ ಅಗೆಯುವಾಗ ನನ್ನನ್ನು ಗುಂಡಿಗಿಳಿಸಿ, ಅಲ್ಲಿ ನೆಟ್ಟ ಕಲ್ಲುಕಂಬದ ಪಕ್ಕ ನಿಲ್ಲಿಸಿ, ನನ್ನ ಎದೆಮಟ್ಟಕ್ಕೆ ಕಂಬದ ಮೇಲೆ ಕೆಂಪು ಗೆರೆ ಎಳೆದಿದ್ದರು.

"ಯಾಕೆ ಭಾವ?"

"ನಿಂಗೊಂದು ಕೋಟು ಹೊಲಿಸೋಣ ಅಂತ. ಅಲ್ಲಾಡ್ಬೇಡ್ವೋ!"

ಕೋಟು ಬರಲಿಲ್ಲ. ನಾನೂ ಕೇಳಲಿಲ್ಲ.

ನಾನೋ, ಲಿಫ್ಟ್ ಹತ್ತುವ ಮುನ್ನ ಅದರ ಹಗ್ಗದ ವಯಸ್ಸು ಯೋಚಿಸುವವನು. ಈಜು ಬಾರದು. ಆ ದೋಣಿಗಳನ್ನು ದೂರದಿಂದಲೇ ನೋಡಿ ಬೆವರಿದವನು. ಮೋಡ ಕಂಡರೆ ಭಾವನಿಗೆ ಫೋನು.

"ಏರಿ ಹೇಗಿದೆ ಭಾವ?"

"ಕೂತಿದೆ ಕಣೋ. ಎದ್ದು ಹೋಗೋವಾಗ ನಿಂಗೊಂದು ಮಾತು ಹೇಳಿ ಹೋಗು ಅಂದಿದೀನಿ."

ಕಳೆದ ಮಳೆಗಾಲದಲ್ಲಿ ಅಕ್ಕನ ಫೋನು ಬಂತು: "ಕೋಡಿ ಬಿತ್ತು ಕಣೋ!" ನನ್ನ ಕಿವಿಗೆ ಬಿದ್ದದ್ದು 'ಬಿತ್ತು' ಮಾತ್ರ. ಏರಿಯೇ ಬಿತ್ತೆಂದು ಓಡಿದೆ. ನೋಡಿದರೆ ಅಕ್ಕ ಅರಿಶಿನ ಕುಂಕುಮ ಹಿಡಿದು ಪೂಜೆ ಮಾಡುತ್ತಿದ್ದಾಳೆ! ಕೆರೆ ತುಂಬಿ, ಹೆಚ್ಚಾದ ನೀರು ಏರಿಯ ಪಕ್ಕದ ಕಲ್ಲುಕಟ್ಟೆ ದಾಟಿ ಶಾಂತವಾಗಿ ಹಳ್ಳಕ್ಕಿಳಿಯುತ್ತಿತ್ತು. ಕೋಡಿ ಎಂದರೆ ಅಷ್ಟೇ.

ಪಕ್ಕದ ಗೋದಾಮಿನವರೂ ನೋಡಲು ಬಂದಿದ್ದರು. "ಸಾರ್, ಈ ಕೋಡಿ ಇನ್ನೆರಡಡಿ ಎತ್ತರಿಸ್ಬಿಡಿ. ಆಳ ಜಾಸ್ತಿ ಆದ್ರೆ ಮೋಟಾರ್ ಬೋಟ್ ಬಿಡ್ಬೋದು. ಇಲ್ಲಾಂದ್ರೆ ಆ ಹೊಸ ರೆಸಾರ್ಟ್ ಮುಂದೆ ನಿಮ್ ಕೆರೆಗೆ ಯಾರು ಬರ್ತಾರೆ?"

ಸುಳ್ಳಲ್ಲ. ನಾಲ್ಕರಲ್ಲಿ ಎರಡು ದೋಣಿ ಆಗಲೇ ಗಿರಾಕಿಯಿಲ್ಲದೆ ದಡದಲ್ಲಿ ಬೋರಲು ಬಿದ್ದಿದ್ದವು.

"ಆಗಲ್ಲ," ಎಂದರು ಭಾವ. ಕಾರಣ ಕೇಳಿದರೆ ಸೈರನ್ ಒತ್ತಿದರು!

ಗೋದಾಮಿನವರು ಹೋದ ಮೇಲೆ ನಾನೇ ಕೇಳಿದೆ. "ಎತ್ತರಿಸಿದ್ರೆ ಏರಿ ತಡೆಯಲ್ವಾ ಭಾವ?"

"ಆನೆ ಹತ್ತಿದ್ರೂ ತಡಿಯುತ್ತೆ." ಕೆರೆಯ ನಡುವಿನ ಕಲ್ಲುಕಂಬ ತೋರಿಸಿದರು. ತುಂಬಿದ ನೀರು ಕೆಂಪು ಗೆರೆಗೆ ಸರಿಯಾಗಿ ನಿಂತಿತ್ತು. ಒಂದಂಗುಲ ಮೇಲಿಲ್ಲ.

"ನಿಂಗೆ ಈಜು ಬರಲ್ವಲ್ಲೋ," ಎಂದರು. "ಯಾವತ್ತಾದ್ರೂ ದೋಣಿ ಹತ್ತುತ್ತೀಯ ಅಂತ."

ಚಪ್ಪಲಿ ದಡದಲ್ಲೇ ಬಿಟ್ಟೆ. ಕಂಬದ ಹತ್ತಿರ ಹೋಗುವಷ್ಟರಲ್ಲಿ ದಡದಿಂದ ಅಕ್ಕ ಸೈರನ್ ಒತ್ತಿದಳು. ಭಾವನೂ ನಾನೂ ಪೆಡಲ್ ನಿಲ್ಲಿಸಿದೆವು. ಟೀ ಇನ್ನೂ ಬಿಸಿಯಾಗಿತ್ತು.