ಇನ್ನೂ ಹೊರಬರದ ಹಾಡಿಗೆ ಇಸ್ತ್ರಿ ಅಂಗಡಿಯವನ ಅಹವಾಲು

ಮಾನ್ಯ ಬಿಡುಗಡೆಯಾಗದ ಹಾಡಿನವರೇ,

ತಾವು ಎಲ್ಲಿದ್ದೀರೋ, ಇದ್ದೀರೋ ಇಲ್ಲವೋ, ಅಂತೂ ಇರುವಲ್ಲಿಗೇ ಈ ಇಸ್ತ್ರಿ ಅಂಗಡಿಯವನ ಬಿಸಿಬಿಸಿ ನಮಸ್ಕಾರಗಳು ತಲುಪಲಿ. ಯಾರ ಕಿವಿಗೂ ಬೀಳದೆ ಇಷ್ಟೊಂದು ಹೆಸರು ಮಾಡಿದ ಹಾಡು ಇನ್ನೊಂದಿಲ್ಲವೆಂದು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರೆ. ತಮಗಾದರೋ ಕುಲಾವಿಯ ಜೊತೆಗೆ ಅಭಿಮಾನಿಗಳ ಸಂಘವೂ ಆಗಿದೆ. ತಾವು ನಾಲ್ಕು ನಿಮಿಷ ಉದ್ದವಿದ್ದೀರೆಂದು ಎದುರಿನ ಕ್ಷೌರದಂಗಡಿಯವರು ಹೇಳಿದರೆ, ಔಷಧಿ ಅಂಗಡಿಯವರು "ಹನ್ನೊಂದು ನಿಮಿಷ ಕಣ್ರೀ, ನಾನೇ ಕೇಳಿದೀನಿ" ಎಂದು ಆಣೆ ಮಾಡುತ್ತಾರೆ. ಹಾಡಿ ಎಂದರೆ ಮಾತ್ರ ಅವರಿಗೆ ಗಂಟಲು ಕಟ್ಟುತ್ತದೆ. ತಾವು ಹೊರಬಂದ ದಿನವೇ ಸಿಡಿಲು ಎಂಬ ರ‍್ಯಾಪ್ ಹಾಡುಗಾರನ ಕಥೆ ಮುಗಿಯಿತು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ತಮ್ಮನ್ನು ಬರೆದಿದ್ದಾನೆಂದು ಊರೆಲ್ಲ ಹೇಳುವ ಕೆಂಡ ಎಂಬ ಇನ್ನೊಬ್ಬ ರ‍್ಯಾಪ್ ಹಾಡುಗಾರ ನನ್ನ ತಂಗಿಯ ಮಗ. ಸಿಡಿಲು ಅವನ ಬಾಲ್ಯದ ಗೆಳೆಯ. ಇಬ್ಬರ ಬಟ್ಟೆಯೂ ಬರುವುದು ನನ್ನ ಅಂಗಡಿಗೇ. ಎಂಟು ತಿಂಗಳ ಹಿಂದೆ ಸಿಡಿಲು ಇದ್ದಕ್ಕಿದ್ದಂತೆ ಕೆಂಡನನ್ನು ಬೈದು ಹಾಡು ಬಿಟ್ಟ, ಯಾಕೆಂದು ತಿಳಿಯದೆಯೇ ಕೆಂಡ ತಿರುಗಿ ಬೈದ, ಅಲ್ಲಿಂದಾಚೆ ಐದು ಹಾಡುಗಳಾದವು, ಮಾತು ನಿಂತಿತು. "ಅಣ್ಣಾ, ಒಂದೇ ತಟ್ಟೇಲಿ ಉಂಡ ಹುಡುಗ್ರು, ಯಾರ ಕಣ್ಣು ಬಿತ್ತೋ" ಎಂದು ತಂಗಿ ಕಣ್ಣೊರೆಸಿಕೊಂಡಾಗಲೆಲ್ಲ ಆ ಕಣ್ಣಿನವರಿಗೆ ನಾನೂ ಧಾರಾಳವಾಗಿ ಶಾಪ ಹಾಕಿದ್ದೇನೆ.

ಕಳೆದ ತಿಂಗಳು ಸಿಡಿಲು ಜಗಳದ ಮೂಲ ಇದೇ ಎಂದು ಕೆಂಡನ ಕೈಬರಹದ ಚೀಟಿಯೊಂದರ ಫೋಟೋ ಎಲ್ಲರ ಮೊಬೈಲಿಗೂ ಹಂಚಿದ. "ಬೋಳು ತಲೆ, ಬಾಯಿ ತೆರೆದರೆ ಬರೀ ಹಬೆ; ಮಂದಿಯ ಅಂಗಿಯಲ್ಲಿ ಮದುವೆಮನೆಯ ಸಭೆ" ಎಂದಿತ್ತು. ಚೀಟಿಯ ಮೂಲೆಯಲ್ಲಿ ನನ್ನ ಪಿನ್ನಿತ್ತು. ಅಯ್ಯೋ ದೇವರೇ! ಜೇಬಿನಲ್ಲಿ ಸಿಕ್ಕ ಕಾಗದವನ್ನು ಅದೇ ಬಟ್ಟೆಗೆ ಪಿನ್ನು ಹಾಕಿ ಹಿಂತಿರುಗಿಸುವುದು ಮೂವತ್ತು ವರ್ಷಗಳ ನನ್ನ ಪದ್ಧತಿ. ಕನ್ನಡಕ ಮನೆಯಲ್ಲಿ ಮರೆತ ಯಾವುದೋ ದಿನ ಕೆಂಡನ ಜೇಬಿನ ಚೀಟಿಯನ್ನು ಸಿಡಿಲಿನ ಜಾಕೆಟ್ಟಿಗೆ ಸಿಕ್ಕಿಸಿದ್ದೇನೆ. ಸಿಡಿಲೂ ತಲೆ ಬೋಳಿಸಿಕೊಳ್ಳುವವನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಈತ ತಲೆ ಮುಟ್ಟಿ ನೋಡಿಕೊಂಡ.

ಆ ತಲೆ ನನ್ನದು ಸ್ವಾಮಿ. ಹಬೆಯೂ ನನ್ನದು. ಗಿರಾಕಿಗಳ ಅಂಗಿ ತೊಟ್ಟು ಮದುವೆಗಳಿಗೆ ಹೋಗುವ ಗೌರವಸ್ಥನೂ ನಾನೇ.

ಫೋಟೋ ಬಂದ ಮರುದಿನ ಕೆಂಡ ಅಂಗಡಿಗೆ ಬಂದು ಪಿನ್ನಿನ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ, "ಬಿಡಿ ಮಾವ, ಆಗಿದ್ದಾಯ್ತು" ಎಂದು ಹೋದ. ಅಂದಿನಿಂದ ಅವನು ಬಾಯಿ ಬಿಟ್ಟಿಲ್ಲ. ಅವನು ಭಯಂಕರವಾದದ್ದೇನನ್ನೋ ಬರೆಯುತ್ತಿದ್ದಾನೆಂದು ಜನ ತಮ್ಮನ್ನು ಹುಟ್ಟಿಸಿಕೊಂಡರು. ಮಾವನ ಮರ್ಯಾದೆ ಉಳಿಸಲು ಒಬ್ಬ ಹುಡುಗ ಸುಮ್ಮನಿದ್ದಾನೆ, ಅಷ್ಟೇ. ತಾವು ಇಲ್ಲವೇ ಇಲ್ಲ. ಈ ಮಾತನ್ನು ತಮ್ಮ ಮುಖಕ್ಕೇ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ಆದ್ದರಿಂದ ತಾವು ದಯಮಾಡಿ ಹುಟ್ಟದೇ ಇರಬೇಕೆಂದೂ, ಹುಟ್ಟಲೇಬೇಕೆಂಬ ಹಟವಿದ್ದರೆ ನನ್ನ ತಲೆಯ ಮೇಲೆಯೇ, ನನ್ನ ಹೆಸರಿನಲ್ಲಿಯೇ, ಬೇಕಾದರೆ ಹನ್ನೊಂದು ನಿಮಿಷ ಪೂರ್ತಿ ಹುಟ್ಟಬೇಕೆಂದೂ ಕೋರುತ್ತೇನೆ. ಭಾನುವಾರ ತಂಗಿಯ ಮನೆಯಲ್ಲಿ ಮಧ್ಯಾಹ್ನದ ಊಟ. ಒಂದೇ ತಟ್ಟೆ ಇಡಲು ಹೇಳಿದ್ದೇನೆ, ಸಿಡಿಲು ಬರಬೇಕು.

ತಮ್ಮ ವಿಶ್ವಾಸಿ,
ಮೇಲ್ಕಂಡ ಬೋಳುತಲೆ

ವಿ.ಸೂ.: ನೀಲಿ ಗೆರೆಯ ಅಂಗಿಯ ಬ್ಯಾಂಕ್ ಮ್ಯಾನೇಜರರು ಕೋಪಿಸಿಕೊಳ್ಳುವ ಮುನ್ನ, ತಮ್ಮ ಮಗಳ ಮದುವೆಯಲ್ಲೇ ನನ್ನ ಕೈ ಕುಲುಕಿ "ಅಂಗಿ ಚೆನ್ನಾಗಿದೆ, ಎಲ್ಲಿ ಹೊಲಿಸಿದ್ರಿ?" ಎಂದು ಕೇಳಿದ್ದನ್ನು ನೆನಪಿಸಿಕೊಳ್ಳಬೇಕು. ಈ ಪತ್ರವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಜಾಗ ಸಾಲದ್ದರಿಂದ, ಅಲ್ಲಿ ಮೂವತ್ತು ವರ್ಷಗಳಿಂದ ತೂಗುತ್ತಿದ್ದ "ಜೇಬಿನಲ್ಲಿರುವ ವಸ್ತುಗಳಿಗೆ ನಾವು ಜವಾಬ್ದಾರರಲ್ಲ" ಎಂಬ ಬೋರ್ಡನ್ನು ತೆಗೆದಿಟ್ಟಿದ್ದೇನೆ.