ಮೂರು ಸರ್ಕಾರಗಳ ಒಬ್ಬ ಗುಮಾಸ್ತ

ಗಂಡ ತೀರಿಕೊಂಡ ಏಳನೆಯ ದಿನದ ದಾನ ಮುಗಿಯಿತು. ಭಿಕ್ಷುಗಳು ಹೋದರು, ನೆಂಟರೂ ಹೋದರು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಡೊ ಚಿ ಪ್ಯಾ ಚುಟ್ಟ ಸೇದುತ್ತ ಬಂದು ಮಾ ಲ್ಹ ಯಿನ್‌ಳ ಎದುರು ಕೂತರು.

"ಅಕ್ಕಿ ಎಷ್ಟಿದೆ?"

"ನಾಲ್ಕು ದಿನಕ್ಕೆ, ದೊಡ್ಡಮ್ಮ."

"ಹಾಗಾದ್ರೆ ಅಳೋದು ಆಮೇಲೆ. ಏಳು, ಪಿಂಚಣಿ ಕೇಳೋಣ."

ಗಂಡ ಪೊ ಸಾಂಗ್ ರಂಗೂನಿನ ದೀಪಸ್ತಂಭ ಇಲಾಖೆಯಲ್ಲಿ ಹದಿನೆಂಟು ವರ್ಷ ಗುಮಾಸ್ತನಾಗಿದ್ದ. ಅಲ್ಲಿಯ ಹೆಡ್ ಗುಮಾಸ್ತ ಊ ಶ್ವೆ ಬೊ ಕನಿಕರದಿಂದ ತಲೆಯಾಡಿಸಿದರು. "ಅವನು ದುಡಿದದ್ದು ಬಹುಪಾಲು ಬಿಳಿಯರ ಕಾಲದಲ್ಲಿ, ತಂಗಿ. ಸ್ವಾತಂತ್ರ್ಯ ಬಂದು ಎರಡೇ ವರ್ಷ. ಅವರನ್ನೇ ಕೇಳಿ."

ಬಿಳಿಯರ ಕಚೇರಿಯಲ್ಲಿ ಚಹಾ ಕೊಟ್ಟರು. "ದೇಶ ಕೊಟ್ಟಾಗ ಗುಮಾಸ್ತರನ್ನೂ ಜೊತೆಗೇ ಕೊಟ್ಟೆವಮ್ಮ. ಅದೂ ಅಲ್ದೆ, ಮೂವತ್ತೇಳನೇ ಇಸವಿಯವರೆಗೆ ಬರ್ಮಾ ಇಂಡಿಯಾಕ್ಕೆ ಸೇರಿತ್ತಲ್ಲ? ದಿಲ್ಲಿಯವರನ್ನ ಕೇಳಿ."

ದಿಲ್ಲಿಯವರ ಕಚೇರಿಯಲ್ಲಿ ಚಹಾ ಕೊಡಲಿಲ್ಲ. "ಬೇರೆ ಸಂಸಾರ ಹೂಡಿದ ಮೇಲೆ ಹಳೇ ಮನೆಯವರನ್ನ ಕೇಳ್ತಾರೇನ್ರೀ?"

ಮಧ್ಯಾಹ್ನದ ಹೊತ್ತಿಗೆ ಆಕೆ, ಬೀದಿಯವರೆಲ್ಲ ಒದ್ದು ಆಡುವ ಬೆತ್ತದ ಚೆಂಡಿನಂತೆ, ಮತ್ತೆ ಊ ಶ್ವೆ ಬೊ ಅವರ ಮೇಜಿನೆದುರು ಬಂದು ಬಿದ್ದಳು. ಡೊ ಚಿ ಪ್ಯಾ ಮೇಜು ಕುಟ್ಟಿದರು. "ದುಡಿಯೋವಾಗ ಅವನು ಮೂರು ಸರ್ಕಾರಕ್ಕೂ ಬೇಕಿತ್ತು. ಈಗ ಇವಳು ಒಂದಕ್ಕೂ ಬೇಡ್ವೇನಯ್ಯ?"

ಊ ಶ್ವೆ ಬೊ ದನಿ ತಗ್ಗಿಸಿದರು. "ಒಂದು ದಾರಿ ಇದೆ. ಯುದ್ಧದಲ್ಲಿ ಕಚೇರಿಯಲ್ಲಿದ್ದ ಅವನ ಸೇವಾ ಪುಸ್ತಕ ಸುಟ್ಟುಹೋಯ್ತು. ಪುಸ್ತಕ ಸುಟ್ಟವರಿಗೆ ಬೇರೆ ನಿಯಮ. ನೆರೆಯವರು ಪ್ರಮಾಣ ಮಾಡಿದ್ರೆ ಪಿಂಚಣಿ ನಾವೇ ಕೊಡ್ತೀವಿ."

ಡೊ ಚಿ ಪ್ಯಾ ಕೇಳಿದ್ದಕ್ಕೂ ಕೇಳದ್ದಕ್ಕೂ ಪ್ರಮಾಣ ಮಾಡಿದರು. ಇನ್ನು ಬೇಕಾದದ್ದು ಮದುವೆಯ ಫೋಟೊ ಒಂದೇ.

ಮಾ ಲ್ಹ ಯಿನ್ ಮನೆಗೆ ಓಡಿ ಪೆಟ್ಟಿಗೆ ತೆರೆದಳು. ಫೋಟೊದ ಕೆಳಗೆ, ಮೇಣಬಟ್ಟೆಯಲ್ಲಿ ಸುತ್ತಿದ ಸೇವಾ ಪುಸ್ತಕವಿತ್ತು. ಜೊತೆಗೆ ಪೊ ಸಾಂಗ್‌ನ ಕೈಬರಹದ ಚೀಟಿ: 'ರಜೆ ಎಷ್ಟಿದೆಯೆಂದು ನೋಡಲು ಕಚೇರಿಯಿಂದ ತಂದದ್ದು. ಸೋಮವಾರ ಮರಳಿಸಬೇಕು.' ಆ ಸೋಮವಾರ ಊರಿನಲ್ಲಿ ಜಪಾನಿಯರಿದ್ದರು.

ಪ್ರಮಾಣಕ್ಕಿಂತ ಪುಸ್ತಕ ಗಟ್ಟಿಯಲ್ಲವೇ? ಎದೆಗವಚಿಕೊಂಡು ತಂದಳು.

ಅದನ್ನು ಕಂಡ ಊ ಶ್ವೆ ಬೊ ಕುರ್ಚಿಗೇ ಬೆಂಕಿ ಬಿದ್ದಂತೆ ಎದ್ದರು. "ಒಳಗಿಡಿ ತಂಗಿ, ಬೇಗ ಒಳಗಿಡಿ!"

ಅಷ್ಟರಲ್ಲಿ ಅವರ ಬೆನ್ನ ಹಿಂದೆಯೇ ದೊಡ್ಡ ಅಧಿಕಾರಿ ಬಂದು ನಿಂತಿದ್ದರು. "ಅರೆ, ಸುಟ್ಟೇ ಇಲ್ವಲ್ಲ!" ಎಂದು ಹಿಗ್ಗಿ, ಅವಳ ಕೈಯಲ್ಲಿದ್ದಂತೆಯೇ ಮೊದಲ ಪುಟ ತೆರೆದರು. "ನೋಡಿ, ಎಷ್ಟು ಸ್ಪಷ್ಟವಾಗಿದೆ! ಇಂಡಿಯಾ ಸರ್ಕಾರದ ನೇಮಕ. ಇನ್ನು ಪ್ರಮಾಣ ಯಾಕೆ? ದಿಲ್ಲಿಯವರನ್ನ ಕೇಳಿ, ಅಮ್ಮ. ಪುಸ್ತಕ ಮಾತ್ರ ಇಲಾಖೆಯದು, ಕೊಟ್ಟುಬಿಡಿ."

ಎಂಟು ವರ್ಷ ತಡವಾಗಿ ಮಾ ಲ್ಹ ಯಿನ್ ಅದನ್ನು ಎರಡೂ ಕೈಯಿಂದ ಒಪ್ಪಿಸಿದಳು.

ಡೊ ಚಿ ಪ್ಯಾ ಅವಳ ಕಿವಿಗೆ ಬಾಗಿದರು. "ಅಯ್ಯೋ ಮಗಳೇ, ಒಲೆ ಹೊತ್ತಿಸೋದಕ್ಕೆ ಇದನ್ನ ಬಿಟ್ಟು ಅಷ್ಟು ವರ್ಷ ಬೇರೆ ಕಾಗದ ಎಲ್ಲಿಂದ ತರ್ತಿದ್ದೆ?"